ಚಪ್ಪಾಳೆ ತಟ್ಟಿದ ಮೇಲೆ

ಶಾಲಿನಿ ಸರಸ್ವತಿ ಅವರ ಹೆಸರು ನೀವು ಕೇಳಿರ್ತೀರಿ. ಬೆಂಗಳೂರಿನವರು, ಭರತನಾಟ್ಯ ಕಲಿತವರು, ನಮ್ಮ ಹಾಗೇ ಕಂಪನಿ ಕೆಲಸದಲ್ಲಿದ್ದವರು. ಸೋಂಕು ತಗುಲಿ ಎರಡೂ ಕೈ, ಎರಡೂ ಕಾಲು ಕಳೆದುಕೊಂಡರು. ಆಮೇಲೆ ಕಂಠೀರವ ಕ್ರೀಡಾಂಗಣದಲ್ಲಿ ಕೋಚ್ ಅಯ್ಯಪ್ಪ ಅವರ ಬಳಿ ಅಭ್ಯಾಸ ಮಾಡಿ, ಕಾರ್ಬನ್ ಫೈಬರ್ ಬ್ಲೇಡ್ ಕಟ್ಟಿಕೊಂಡು, 2016ರಲ್ಲಿ ಬೆಂಗಳೂರಿನ 10 ಕಿಲೋಮೀಟರ್ ಓಟ ಮುಗಿಸಿದರು. ಓಟದ ಜೊತೆಗೆ ವೇದಿಕೆಗಳಲ್ಲೂ ಮಾತಾಡ್ತಾರೆ. ಕೆಳಗೆ ಕೂತ ನಾವು ಎದ್ದು ಚಪ್ಪಾಳೆ ತಟ್ತೀವಿ.

ಆ ಚಪ್ಪಾಳೆ ಯಾರಿಗೆ? ನಮ್ಮ ಪಾಂಡವಪುರದ ಕಡೆ, ಆಲೆಮನೆ ಗಾಣಕ್ಕೆ ಕೈ ಸಿಕ್ಕಿ ಕಳೆದುಕೊಂಡವನನ್ನು ಕಂಡರೆ ಜನ "ಅಯ್ಯೋ ಪಾಪ" ಅಂತಾರೆ. ಆಫೀಸಿನಲ್ಲಿ ನಾವು "ಅವರೇ ಓಡ್ತಾರೆ, ನಮಗೇನು ರೋಗ?" ಅಂತೀವಿ. ಒಂದರಲ್ಲಿ ನಮ್ಮ ಕೈ ನೆಟ್ಟಗಿದೆ ಅನ್ನೋ ಸಮಾಧಾನ, ಇನ್ನೊಂದರಲ್ಲಿ ನಮ್ಮ ಸೋಮಾರಿತನಕ್ಕೆ ಮದ್ದು. ಎರಡರಲ್ಲೂ ನೋಡ್ಕೊಳ್ಳೋದು ನಮ್ಮನ್ನೇ.

ಹಾಗಾದ್ರೆ ಸ್ಫೂರ್ತಿ ಪಡೆಯೋದೇ ತಪ್ಪಾ? ತಪ್ಪೇನಿಲ್ಲ. ಆದರೆ ಅದು ಕೈಸಾಲ ಇದ್ದ ಹಾಗೆ, ತೀರಿಸಬೇಕು. ಅದೇ 2016ರ ಡಿಸೆಂಬರ್‌ನಲ್ಲಿ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂತು. ಸರ್ಕಾರಿ ಹುದ್ದೆಗಳಲ್ಲಿ ಶೇ. 4 ಮೀಸಲು ಅಂತ ಅದರಲ್ಲಿದೆ; ಖಾಸಗಿ ಕಂಪನಿಗಳೂ ಸಮಾನ ಅವಕಾಶದ ನೀತಿ ಪ್ರಕಟಿಸಬೇಕು ಅಂತಲೂ ಇದೆ. ನಿಮ್ಮ ಕಂಪನಿಯದ್ದು ಓದಿದ್ದೀರಾ? ನಾವು ಕಟ್ಟೋ ಆ್ಯಪನ್ನು ಒಂದೇ ಕೈಯಲ್ಲಿ ಬಳಸೋಕಾಗುತ್ತಾ ಅಂತ ಯಾರಾದರೂ ಪರೀಕ್ಷೆ ಮಾಡಿದ್ದಾರಾ?

ಗಾಣಕ್ಕೆ ಕೈ ಕೊಟ್ಟವನು ನಮ್ಮನ್ನು ಬೆರಗುಗೊಳಿಸಬೇಕಾಗಿಲ್ಲ. ಹತ್ತು ಕಿಲೋಮೀಟರ್ ಓಡದೆಯೂ ಅವನಿಗೊಂದು ಕೆಲಸ ಸಿಗಬೇಕು.