ಗಿರಿಯ ಎತ್ತರ ಮತ್ತು ಮಾನಕಷಾಯ

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಸುತ್ತ ಬೋಳುಬಂಡೆಯ ಗುಡ್ಡಗಳು ಗುಮ್ಮಟಗಳಂತೆ ನಿಂತಿವೆ. ಅಲ್ಲಿಯ ಅರಣ್ಯವು 2013ರಿಂದ ಕರಡಿಧಾಮವಾಗಿದೆ. ಇಂತಹ ಗುಡ್ಡವೊಂದರ ಎತ್ತರವೆಷ್ಟು ಎಂಬ ಪ್ರಶ್ನೆಗೆ ಉತ್ತರವು ಒಂದೇ ಅಲ್ಲ.

ಸಮುದ್ರಮಟ್ಟದಿಂದ ಅಳೆಯುವುದು ಒಂದು ಕ್ರಮ. ಶ್ರವಣಬೆಳಗೊಳದ ವಿಂಧ್ಯಗಿರಿಯು ಈ ಕ್ರಮದಲ್ಲಿ 3347 ಅಡಿ. ಬುಡದ ಬಯಲಿನಿಂದಾದರೆ ಸುಮಾರು 470 ಅಡಿ ಮಾತ್ರ. ಏಳರಲ್ಲಿ ಆರು ಪಾಲು ಪ್ರಸ್ಥಭೂಮಿಯ ಕೊಡುಗೆ. ಮೂರನೆಯ ಕ್ರಮವೂ ಉಂಟು. ಒಂದು ಶಿಖರದಿಂದ ಅದಕ್ಕಿಂತ ಎತ್ತರದ ಇನ್ನೊಂದು ಶಿಖರಕ್ಕೆ ಹೋಗುವವನು, ಅತಿ ಕಡಿಮೆ ಇಳಿಯುವ ದಾರಿಯನ್ನೇ ಹಿಡಿದರೂ, ಎಷ್ಟು ಇಳಿಯಲೇಬೇಕೋ ಅಷ್ಟೇ ಮೊದಲ ಶಿಖರದ ಸ್ವಂತ ಏರಿಕೆ. ಮೂರು ಅಳತೆಗಳೂ ಸತ್ಯ; ಪ್ರತಿಯೊಂದೂ ತನ್ನ ನಯದಿಂದ ಸತ್ಯ.

ತಂದೆ ಬಿಟ್ಟುಹೋದ ಮೂಲಧನವನ್ನು ತನ್ನ ಲಾಭವೆಂದು ಬರೆದುಕೊಳ್ಳುವ ವರ್ತಕನ ಖಾತೆ ಸುಳ್ಳಾಗುತ್ತದೆ. ಕುಲದ ಹೆಮ್ಮೆಯೂ ಅಂತಹುದೇ ಲೆಕ್ಕ. ಹಾಗಾದರೆ ಸ್ವಂತ ಏರಿಕೆಗೆ ಹೆಮ್ಮೆಪಡಬಹುದೇ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಕುಲ, ಜಾತಿಗಳೊಡನೆ ಜ್ಞಾನ, ತಪಸ್ಸುಗಳೂ ಇವೆ. ಹುಟ್ಟಿನಿಂದ ಬಂದುದರ ಹೆಮ್ಮೆಯಂತೆ ಸಾಧಿಸಿದುದರ ಹೆಮ್ಮೆಯೂ ಮದವೇ.

ಇದರ ಕಾರಣವನ್ನು ಕಲ್ಲೇ ಹೇಳುತ್ತದೆ. ರಾಮನಗರದಿಂದ ಬಳ್ಳಾರಿ ಸೀಮೆಯವರೆಗೆ ಹಬ್ಬಿರುವ ಈ ಗ್ರಾನೈಟ್ ಶಿಲೆಯು ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಹೆಪ್ಪುಗಟ್ಟಿತು. ಮೇಲಿನ ಪದರಗಳೂ ಬಿರುಕು ಹೆಚ್ಚಾಗಿದ್ದ ನೆರೆಯ ಶಿಲೆಗಳೂ ಸವೆದುಹೋದವು. ಬಿರುಕು ಕಡಿಮೆಯಿದ್ದುದು ಉಳಿಯಿತು. ಗುಡ್ಡವು ಬೆಳೆದು ಎತ್ತರವಾದುದಲ್ಲ, ಸುತ್ತಲಿನದು ಸವೆದುದರಿಂದ ಎತ್ತರವಾಗಿ ಕಂಡಿತು. ಮನುಷ್ಯನ ಏಳಿಗೆಯಲ್ಲಿಯೂ ತಾಯಿ, ಸೋದರರು, ಅಂಗಡಿಯ ಆಳುಗಳು ಸವೆಸಿದ ಆಯುಷ್ಯವು ಸೇರಿರುತ್ತದೆ.

ಬಸದಿಯ ಜೀರ್ಣೋದ್ಧಾರವಾದಾಗ ದಾನಿಗಳ ಹೆಸರನ್ನು ಹಣದ ಮೊತ್ತದ ಕ್ರಮದಲ್ಲಿ ಶಿಲಾಫಲಕದಲ್ಲಿ ಕೆತ್ತಿಸುವುದುಂಟು. ಅದು ಸಮುದ್ರಮಟ್ಟದ ಅಳತೆ. ಒಂದು ದಿನದ ಕೂಲಿಯನ್ನೇ ಕೊಟ್ಟ ವಿಧವೆಯ ಹೆಸರು ಅಲ್ಲಿ ಕೊನೆಗೆ ಬೀಳುತ್ತದೆ, ಇಲ್ಲವೇ ಬೀಳುವುದೇ ಇಲ್ಲ. ತ್ಯಾಗದ ಪ್ರಮಾಣದಂತೆ ಕ್ರಮವನ್ನು ಬದಲಿಸಿದರೆ ಆಕೆಯ ಹೆಸರು ಮೊದಲಾಗಬಹುದು. ಆದರೆ ಆಗ ತ್ಯಾಗವೂ ಸ್ಪರ್ಧೆಯಾಗಿ, ಮಾನಕಷಾಯವು ಇನ್ನೊಂದು ಬಾಗಿಲಿನಿಂದ ಒಳಗೆ ಬರುತ್ತದೆ.

ಲೆಕ್ಕದ ಪುಸ್ತಕಕ್ಕೆ ಮೊತ್ತ ಬೇಕು. ಅಲ್ಲಿ ಒಂದು ಪೈಸೆಯೂ ತಪ್ಪಬಾರದು. ಗೋಡೆಯ ಕಲ್ಲಿಗೆ ಮೊತ್ತವೂ ಬೇಡ, ಮೇಲುಕೀಳಿನ ಕ್ರಮವೂ ಬೇಡ. ಅಕಾರಾದಿಯಾಗಿ ಹೆಸರುಗಳನ್ನಷ್ಟೇ ಕೆತ್ತಿಸುವ ಟ್ರಸ್ಟು ಉತ್ತಮ ಮಾರ್ದವ ಧರ್ಮವನ್ನು ಮಾತಿಲ್ಲದೆಯೇ ಬೋಧಿಸುತ್ತದೆ.