ಮೌಗ್ಲಿಗೆ ಕಲಿಸಿದವರು ಯಾರು?

ತೋಳಗಳ ಮಡಿಲಲ್ಲಿ ಬೆಳೆದ ಮೌಗ್ಲಿಯನ್ನು ಇಂದಿನ ಮಕ್ಕಳು ಡಿಸ್ನಿಯ ಕಾರ್ಟೂನಿನಲ್ಲೋ, 2016ರ ಗ್ರಾಫಿಕ್ಸ್ ಚಿತ್ರದಲ್ಲೋ ನೋಡಿರುತ್ತಾರೆ. ರುಡ್ಯಾರ್ಡ್ ಕಿಪ್ಲಿಂಗನ ‘ಜಂಗಲ್ ಬುಕ್’ ಪ್ರಕಟವಾದದ್ದು 1894ರಲ್ಲಿ. ಡಿಸ್ನಿಯ ಕಾರ್ಟೂನಿಗೂ 2016ರ ಚಿತ್ರಕ್ಕೂ ಬಹಳ ಮೊದಲೇ, 1942ರಲ್ಲಿ, ಜೋಲ್ಟನ್ ಕೋರ್ಡಾ ಅದನ್ನು ಬಣ್ಣದ ಚಿತ್ರ ಮಾಡಿದ. ಅದರಲ್ಲಿ ಮೌಗ್ಲಿಯಾದವನು ನಮ್ಮ ಕಾರಾಪುರದ ಹುಡುಗ ಸಾಬು.

ಮೈಸೂರಿನಿಂದ ಎಚ್.ಡಿ. ಕೋಟೆ ದಾಟಿ ಕಬಿನಿಯ ಕಡೆ ಹೋದರೆ ಕಾರಾಪುರ. ಅಲ್ಲಿ 1924ರಲ್ಲಿ ಹುಟ್ಟಿದ ಸಾಬುವಿನ ಅಪ್ಪ ಮಹಾರಾಜರ ಆನೆಗಳ ಮಾವುತ. ಅಪ್ಪ ತೀರಿಕೊಂಡ ಮೇಲೆ ಹುಡುಗನಿಗೆ ಅರಮನೆಯ ಆನೆಲಾಯವೇ ಆಸರೆ. 1935ರಲ್ಲಿ ಕಿಪ್ಲಿಂಗನದೇ ಇನ್ನೊಂದು ಕಥೆಯನ್ನು ಚಿತ್ರ ಮಾಡಲು ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದ. ಆನೆಗಳು ಕುಣಿಯುವುದನ್ನು ಮನುಷ್ಯರಾರೂ ಕಂಡಿಲ್ಲ, ಕಂಡವನು ಪುಟ್ಟ ತೂಮಾಯಿ ಒಬ್ಬನೇ ಎಂಬ ಕಥೆ ಅದು. ತೂಮಾಯಿಯಾಗಲು ಫ್ಲಾಹರ್ಟಿಯ ತಂಡಕ್ಕೆ ಸಿಕ್ಕಿದವನು ಸಾಬು. ಹೊರಾಂಗಣದ ಚಿತ್ರೀಕರಣ ಮೈಸೂರು ಸೀಮೆಯಲ್ಲಿ, ಉಳಿದದ್ದು ಇಂಗ್ಲೆಂಡಿನ ಡೆನಮ್ ಸ್ಟುಡಿಯೋದಲ್ಲಿ. ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಗೆ ಬಂತು. ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಫ್ಲಾಹರ್ಟಿ ಮತ್ತು ಸಹನಿರ್ದೇಶಕ ಕೋರ್ಡಾ ಪಾಲಾಯಿತು. ಹುಡುಗನ ಪಾಲಿಗೆ ಬಂದದ್ದು, ‘ಎಷ್ಟು ಸಹಜ!’ ಎಂಬ ಮೆಚ್ಚುಗೆ.

ಆ ಮೆಚ್ಚುಗೆ ಸುಳ್ಳಲ್ಲ. ಇವತ್ತು ನೋಡಿದರೂ ಆನೆಯ ಕತ್ತಿನ ಮೇಲೆ ಅವನು ಕೂತ ರೀತಿ ಕಣ್ಣು ತುಂಬುತ್ತದೆ. ಬೆನ್ನು ಬಿಗಿಯಾಗುವುದಿಲ್ಲ, ಕೈ ಆಸರೆ ಹುಡುಕುವುದಿಲ್ಲ. ಅಷ್ಟು ದೊಡ್ಡ ಜೀವ ನೀರಿಗಿಳಿದರೂ ಹುಡುಗ ಜಗುಲಿಯಲ್ಲಿ ಕೂತಷ್ಟೇ ನಿರಾಳ. ಆದರೆ ಈ ನಿರಾಳತನ ಎಲ್ಲಿಂದ ಬಂತು ಎಂದು ಕೇಳಿದವರು ಕಡಿಮೆ. ಕಾಡಿನ ಮಗು, ಅದಕ್ಕೇ ಹೀಗೆ ಎಂದುಕೊಂಡರೆ ಅಲ್ಲಿಗೆ ವಿಚಾರ ಮುಗಿಯಿತು.

ಮುಗಿಯಬಾರದು. ಮಾವುತಿಕೆ ಕಲಿಯುವ ಕೆಲಸ, ಅದೂ ಬಹಳ ನಿಧಾನವಾಗಿ. ಮೊದಲು ಮಾವುತನ ಸಹಾಯಕನಾದ ಕಾವಾಡಿಯಾಗಿ ಸೊಪ್ಪು ಕಡಿದು ತರಬೇಕು, ಹೊಳೆಯಲ್ಲಿ ಆನೆಯನ್ನು ಮಲಗಿಸಿ ಮೈಯುಜ್ಜಬೇಕು, ಹುಲ್ಲಿನಲ್ಲಿ ಮೇವು ಸುತ್ತಿ ಕುಸುರೆ ಕಟ್ಟಿ ಬಾಯಿಗಿಡಬೇಕು. ಕಿವಿಯ ಹಿಂದೆ ಕಾಲ್ಬೆರಳು ಎಷ್ಟು ಒತ್ತಿದರೆ ಆನೆ ಎತ್ತ ತಿರುಗುತ್ತದೆ, ಕಪೋಲದಲ್ಲಿ ಮದಜಲ ಒಸರುವ ಹೊತ್ತಿಗೆ ಎಷ್ಟು ದೂರ ನಿಲ್ಲಬೇಕು, ಇದನ್ನೆಲ್ಲ ಹಿರಿಯರ ಕಣ್ಣಳತೆಯಲ್ಲೇ ಅರಿಯಬೇಕು. ತಪ್ಪಿದರೆ ಆನೆ ಎರಡನೇ ಅವಕಾಶ ಕೊಡುತ್ತದೆಂಬ ಭರವಸೆಯಿಲ್ಲ. ಸಾಬುವಿನ ಸಹಜತೆಯ ಹಿಂದೆ ಒಬ್ಬ ಅಪ್ಪ ಇದ್ದ, ಆನೆಲಾಯದ ಹಿರಿಯರಿದ್ದರು. ತೆರೆಯ ಮೇಲೆ ಅವರ ಹೆಸರಿಗೆ ಜಾಗವಿರಲಿಲ್ಲ.

ವಿಚಿತ್ರವೆಂದರೆ ಕಿಪ್ಲಿಂಗನ ಪುಸ್ತಕಕ್ಕೆ ಈ ಮಾತು ಚೆನ್ನಾಗಿ ಗೊತ್ತಿತ್ತು. ಅಲ್ಲಿ ಮೌಗ್ಲಿ ಕಾಡಿನಲ್ಲಿ ಬೆಳೆದ ಮಾತ್ರಕ್ಕೆ ಕಾಡಿನವನಾಗುವುದಿಲ್ಲ. ಬಲೂ ಕರಡಿ ಮೇಷ್ಟ್ರಾಗಿ ಕೂತು ಪಾಠ ಒಪ್ಪಿಸಿಕೊಳ್ಳುತ್ತದೆ. ಹಕ್ಕಿಗೆ ಏನು ಹೇಳಬೇಕು, ಹಾವಿಗೆ ಏನು ಹೇಳಬೇಕು ಎಂದು ಬಾಯಿಪಾಠ ಮಾಡಿಸುತ್ತದೆ. ತಪ್ಪಿದರೆ ಏಟು, ಹುಡುಗನ ಮುಖವೆಲ್ಲ ಬಾತುಹೋಗಿದೆ ಎಂದು ಕರಿಚಿರತೆ ಬಘೀರ ಆಕ್ಷೇಪಿಸುವಷ್ಟು. ಮುಂದೆ ಕೋತಿಗಳ ಹಿಂಡು ಮೌಗ್ಲಿಯನ್ನು ಹೊತ್ತೊಯ್ದಾಗ ಅವನನ್ನು ಕಾಯುವುದು ಆ ಬಾಯಿಪಾಠವೇ. ಮೇಲೆ ಹಾರುತ್ತಿದ್ದ ಹದ್ದಿಗೆ ಅದರ ಮಾತಿನಲ್ಲೇ ಸುದ್ದಿ ಮುಟ್ಟಿಸುತ್ತಾನೆ.

1942ರ ಚಿತ್ರ ಈ ಕಲಿಕೆಯನ್ನು ಬಹುಪಾಲು ಬಿಟ್ಟುಬಿಟ್ಟಿತು. ಹಸುಗೂಸು ಕಾಡು ಸೇರುತ್ತದೆ, ನಡುವಿನ ವರ್ಷಗಳು ಸರ್ರನೆ ಸರಿಯುತ್ತವೆ, ಪ್ರಾಯಕ್ಕೆ ಬಂದ ಮೌಗ್ಲಿ ಊರಿಗೆ ಕಾಲಿಡುತ್ತಾನೆ. ಆಮೇಲೆಲ್ಲ ಪಾಳುನಗರದ ನಿಧಿ, ಮನುಷ್ಯರ ದುರಾಸೆ, ಕಾಡ್ಗಿಚ್ಚು. ಯುದ್ಧಕಾಲವಾದ್ದರಿಂದ ಕಾಡು ಎದ್ದದ್ದು ಕ್ಯಾಲಿಫೋರ್ನಿಯಾದಲ್ಲಿ. ಮಾತಾಡುವ ಹಾವುಗಳೂ ಕೃತಕ. ಛಾಯಾಗ್ರಹಣ, ಕಲೆ, ಸಂಗೀತ, ವಿಶೇಷ ದೃಶ್ಯಗಳಿಗೆ ಆಸ್ಕರ್ ನಾಮನಿರ್ದೇಶನಗಳು ಬಂದವು. ಅಂದರೆ ಕಾಡನ್ನು ಕಟ್ಟಿದವರ ಕಸುಬನ್ನು ಜಗತ್ತು ಕಸುಬೆಂದೇ ಎಣಿಸಿತು. ಆ ಕಾಡಿನಲ್ಲಿ ಓಡಾಡಿದ ಹುಡುಗನದು ಮಾತ್ರ ಹುಟ್ಟುಗುಣ.

ಸಾಬುವಿನ ಬಾಳಿನಲ್ಲೇ ಇದಕ್ಕೊಂದು ಪರೀಕ್ಷೆ ನಡೆಯಿತು. 1944ರಲ್ಲಿ ಅವನು ಅಮೆರಿಕದ ಪ್ರಜೆಯಾದ, ವಾಯುಪಡೆ ಸೇರಿದ, ಪೆಸಿಫಿಕ್ ಸಾಗರದ ಮೇಲೆ ಬಿ-24 ಬಾಂಬರ್ ವಿಮಾನದಲ್ಲಿ ಬಂದೂಕು ಹಿಡಿದು ಕೂತ. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಗೆದ್ದ. ಕಾರಾಪುರದ ಹುಡುಗನಿಗೆ ವಿಮಾನದ ಬಂದೂಕು ರಕ್ತದಲ್ಲೇ ಬಂದಿತ್ತು ಎಂದು ಯಾರೂ ಹೇಳಲಿಲ್ಲ. ಕಲಿತ, ಧೈರ್ಯ ತೋರಿದ, ಪದಕ ಕೊಟ್ಟರು. ಮನುಷ್ಯ ಅವನೇ, ಮೈ ಅದೇ. ಒಂದು ವಿದ್ಯೆಗೆ ಪದಕ, ಇನ್ನೊಂದಕ್ಕೆ ಬರೀ ಬೆರಗು.

ಬೆರಗು ತಪ್ಪಲ್ಲ. ಆದರೆ ಅದು ಋಣ ತೀರಿಸುವುದಿಲ್ಲ. ‘ಇದು ಅವರ ರಕ್ತದಲ್ಲೇ ಇದೆ’ ಎಂದುಬಿಟ್ಟರೆ ಕಲಿಸಿದವರಿಗೆ ಸಲ್ಲಬೇಕಾದದ್ದು ತಪ್ಪಿತು. ಅಷ್ಟೇ ಅಲ್ಲ, ಕಲಿತವನ ಮುಂದಿನ ಬಾಗಿಲೂ ಮುಚ್ಚಿತು. ರಕ್ತದಲ್ಲಿ ಇದೊಂದೇ ಇರುವವನಿಗೆ ಬೇರೇನು ಕೊಡಬೇಕು? ಯುದ್ಧ ಮುಗಿಸಿ ಬಂದ ಸಾಬುವಿಗೆ ಒಳ್ಳೆಯ ಪಾತ್ರಗಳು ವಿರಳವಾದವು. ಐವತ್ತರ ದಶಕದ ಆರಂಭದಲ್ಲಿ ಅವನು ಲಂಡನ್ನಿನ ಸರ್ಕಸ್ಸಿನಲ್ಲಿ ಆನೆಗಳ ಆಟ ತೋರಿಸಿದ. 1963ರ ಡಿಸೆಂಬರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ವಯಸ್ಸು 39. ಸಿನಿಮಾ ಅವನಿಗೆ ಹೆಸರು, ಹಣ, ನೆಲೆ ಎಲ್ಲವನ್ನೂ ಕೊಟ್ಟಿತು, ಇಲ್ಲವೆನ್ನುವಂತಿಲ್ಲ. ಆದರೆ ಆನೆಯ ಕತ್ತಿನಿಂದ ಇಳಿಯಲು ಮಾತ್ರ ಪೂರ್ತಿಯಾಗಿ ಬಿಡಲಿಲ್ಲ.

ಹಾಲಿವುಡ್ಡನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭ. ನಾವೇನು ಕಡಿಮೆ? ದಸರೆಗೆ ಎರಡು ತಿಂಗಳ ಮೊದಲೇ ಗಜಪಡೆ ಮೈಸೂರಿಗೆ ಬರುತ್ತದೆ. ಮಾವುತರು, ಕಾವಾಡಿಗಳು ಹೆಂಡತಿ ಮಕ್ಕಳ ಸಮೇತ ಅರಮನೆ ಆವರಣದಲ್ಲಿ ಬಿಡಾರ ಹೂಡುತ್ತಾರೆ. ಯಾವ ಆನೆಯ ತೂಕ ಎಷ್ಟು, ಯಾವುದು ತಾಲೀಮಿನಲ್ಲಿ ಹಿಂದೆ ಬಿತ್ತು ಎಂಬುದು ಊರಿಗೆಲ್ಲ ಬಾಯಿಪಾಠ. 750 ಕಿಲೋ ತೂಕದ ಅಂಬಾರಿ ಹೊತ್ತ ಆನೆಯ ಗಾಂಭೀರ್ಯಕ್ಕೆ ಕೈಮುಗಿಯುತ್ತೇವೆ. ಕುಶಾಲತೋಪು, ನಗಾರಿ, ಲಕ್ಷಾಂತರ ಜನರ ಕೂಗಿನ ನಡುವೆ ಆ ಗಾಂಭೀರ್ಯ ಕದಲದಂತೆ ನೋಡಿಕೊಳ್ಳುವವನು ಕತ್ತಿನ ಮೇಲೆ ಕೂತ ಮಾವುತ. ಅವನ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಆ ಬಿಡಾರದಲ್ಲೇ ಮಾವುತರ ಮಕ್ಕಳಿಗಾಗಿ ಟೆಂಟ್ ಶಾಲೆ ನಡೆಯುತ್ತದೆ. ದಸರೆಯ ಗಡಿಬಿಡಿಯಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ಏರ್ಪಾಡು, ಆದರೆ ಇಡೀ ಉತ್ಸವದಲ್ಲಿ ನ್ಯಾಯವಾದ ಕೆಲಸಗಳಲ್ಲಿ ಅದೂ ಒಂದು. ಆನೆಯ ವಿದ್ಯೆ ಮನೆಯಲ್ಲಿದೆ, ಬೇಕಾದರೆ ಕಲಿ. ಅಕ್ಷರದ ವಿದ್ಯೆ ಇಲ್ಲಿದೆ, ಇದೂ ನಿನ್ನದೇ. ಹಾಗೆ ಹೇಳುವ ಶಾಲೆ ಮಗುವಿನ ರಕ್ತ ನೋಡುವುದಿಲ್ಲ, ಮಗುವನ್ನು ನೋಡುತ್ತದೆ.

ಕಲಿತದ್ದನ್ನು ಹುಟ್ಟುಗುಣವೆನ್ನುವ ಕಥೆ ನಮ್ಮ ಮನೆಗಳಲ್ಲೂ ಉಂಟು. ನಾಲ್ಕು ದಶಕ ಒಲೆ ಮುಂದೆ ನಿಂತು ಹದ ಹಿಡಿದ ಅಮ್ಮನ ಸಾರು ಉಂಡು ‘ಕೈಗುಣ’ ಎನ್ನುತ್ತೇವೆ. ಹೊಗಳಿದೆವೆಂಬ ತೃಪ್ತಿ ನಮ್ಮದು, ದುಡಿಮೆಯ ಲೆಕ್ಕ ಯಾರದೂ ಅಲ್ಲ.

ಮಕ್ಕಳಿಗೆ ‘ಜಂಗಲ್ ಬುಕ್’ ತೋರಿಸಿ, ಸಾಬುವಿನ ಹಳೆಯ ಚಿತ್ರವನ್ನೂ ತೋರಿಸಿ. ನೋಡಿ ಮುಗಿದ ಮೇಲೆ, ‘ಇದನ್ನೆಲ್ಲ ಅವನಿಗೆ ಕಲಿಸಿದವರು ಯಾರು?’ ಎಂದು ಕೇಳಿ. ಯಾರ ಕೈಯಲ್ಲಿ ಯಾವ ಕೆಲಸ ಸಲೀಸಾಗಿ ನಡೆದರೂ ಈ ಪ್ರಶ್ನೆ ಮನಸ್ಸಿಗೆ ಬರುವ ಹಾಗೆ ಮಗು ಬೆಳೆದರೆ, ಅದು ಯಾರ ವಿದ್ಯೆಯನ್ನೂ ಪುಕ್ಕಟೆ ಎಂದುಕೊಳ್ಳುವುದಿಲ್ಲ.