ರಾಜುಲಳ ಹಾಡು ಆರ್ತಧ್ಯಾನವೇ?

ಕೆಲವು ವರ್ಷಗಳ ಹಿಂದೆ ನಮ್ಮ ಬಸದಿಯ ಸಮಿತಿಯಲ್ಲಿ ಒಂದು ಚರ್ಚೆ ನಡೆಯಿತು. ನೇಮಿನಾಥ ಸ್ವಾಮಿಯ ಮೋಕ್ಷಕಲ್ಯಾಣದ ದಿನ ಊರಿನ ಗುಜರಾತಿ ಕುಟುಂಬಗಳ ಶ್ರಾವಿಕೆಯರು ರಾಜುಲಳ ವಿರಹದ ಹಾಡುಗಳನ್ನು ಹಾಡಲು ಅಪೇಕ್ಷಿಸಿದ್ದರು. ಜಿನಮಂದಿರದಲ್ಲಿ ಪ್ರಣಯದ ಅಳಲು ಸಲ್ಲದೆಂದವರಲ್ಲಿ ನಾನೂ ಒಬ್ಬ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವನ್ನು ಮುಂದಿಟ್ಟು, ಇಷ್ಟವಾದುದು ಅಗಲಿದಾಗ ಅದನ್ನೇ ಮರಳಿ ಮರಳಿ ಚಿಂತಿಸುವುದು ಆರ್ತಧ್ಯಾನವಷ್ಟೆ, ಅದನ್ನು ರಾಗ ಕಟ್ಟಿ ಬೆಳೆಸುವುದೇಕೆ ಎಂದು ವಾದಿಸಿದೆ. ಹಾಡು ನಿಂತಿತು.

ಕಥೆ ಸುಜ್ಞ ವಾಚಕರಿಗೆ ತಿಳಿದದ್ದೇ. ಉಗ್ರಸೇನನ ಮಗಳು ರಾಜೀಮತಿಯನ್ನು ವರಿಸಲು ದಿಬ್ಬಣದೊಡನೆ ಬಂದ ನೇಮಿಕುಮಾರನು, ಮದುವೆಯ ಔತಣಕ್ಕೆಂದು ಕೂಡಿಹಾಕಿದ್ದ ಪ್ರಾಣಿಗಳ ಮೊರೆಯನ್ನು ಕೇಳಿ, ರಥವನ್ನು ತಿರುಗಿಸಿ ಗಿರನಾರವನ್ನೇರಿದನು. ಜನರ ಬಾಯಲ್ಲಿ ರಾಜುಲಳಾದ ಆಕೆ ಮಂಟಪದಲ್ಲಿ ಉಳಿದಳು. ಈ ಉಳಿದವಳ ಬಗೆಗೆ ಪಶ್ಚಿಮ ಭಾರತದ ಜೈನ ಕವಿಗಳು ಶತಮಾನಗಳ ಕಾಲ ಹಾಡು ಕಟ್ಟಿದ್ದಾರೆ. ಹದಿಮೂರನೆಯ ಶತಮಾನದ ವಿನಯಚಂದ್ರಸೂರಿಯ 'ನೇಮಿನಾಥ ಚತುಷ್ಪದಿಕಾ' ಇವುಗಳಲ್ಲಿ ಬಹು ಹಳೆಯದು. ಶ್ರಾವಣದಿಂದ ಮೊದಲ್ಗೊಂಡು ತಿಂಗಳು ತಿಂಗಳಿಗೂ ಸಖಿ ಬೇರೊಬ್ಬ ವರನನ್ನು ನೋಡೆಂದು ಬುದ್ಧಿ ಹೇಳುತ್ತಾಳೆ, ರಾಜುಲ ಒಪ್ಪುವುದಿಲ್ಲ. ಲೌಕಿಕರ ಬಾರಾಮಾಸಿ ಹಾಡುಗಳಲ್ಲಿ ವರ್ಷದ ಕೊನೆಗೆ ಗಂಡ ಮನೆಗೆ ಬರುವುದು ವಾಡಿಕೆ. ಇಲ್ಲಿ ಯಾರೂ ಬರುವುದಿಲ್ಲ. ಅವಳೇ ಬೆಟ್ಟ ಹತ್ತಿ ದೀಕ್ಷೆ ಪಡೆಯುತ್ತಾಳೆ. (ಅವಳ ಮುಂದಿನ ಗತಿಯ ವಿಷಯದಲ್ಲಿ ಉಭಯ ಸಂಪ್ರದಾಯಗಳಿಗೆ ಭೇದವುಂಟು, ಅದು ಇಲ್ಲಿ ಪ್ರಸ್ತುತವಲ್ಲ.)

ನನ್ನ ಗೆಲುವನ್ನು ಕದಲಿಸಿದವಳು ನಮ್ಮ ಬಂಧುಗಳ ಮನೆಯ ಒಬ್ಬ ಹುಡುಗಿ. ನಿಶ್ಚಿತಾರ್ಥವಾಗಿ ಮುರಿದುಹೋದ ಸಂಬಂಧ ಅವಳದು. ಹುಡುಗನ ಮೇಲೆ ದೋಷ ಹೊರಿಸುವಂತಹುದೇನೂ ಇರಲಿಲ್ಲ, ಅವನ ಮನಸ್ಸು ಒಲಿಯಲಿಲ್ಲ, ಅಷ್ಟೆ. ಒಂದು ದಿನ ಅವಳು ನನ್ನನ್ನು ಕೇಳಿದಳು: "ಪ್ರಾಣಿಗಳ ಮೊರೆ ಸ್ವಾಮಿಗೆ ಕೇಳಿಸಿತು. ಮಂಟಪದಲ್ಲಿದ್ದವಳದು ಕೇಳಿಸಲಿಲ್ಲವೇ?"

ಪ್ರಾಣಿಗಳಿಗೆ ಹೋಗಲಿದ್ದುದು ಪ್ರಾಣ, ರಾಜುಲಳಿಗೆ ಹೋದದ್ದು ಮದುವೆ ಎಂದು ಉತ್ತರಿಸಿದೆ. ಲೆಕ್ಕ ಸರಿಯೇ. ಆದರೆ ನಲವತ್ತು ವರ್ಷ ಖಾತೆ ಬರೆದವನಿಗೆ ತಿಳಿದಿರಬೇಕಿತ್ತು: ಲಾಭ ಹೆಚ್ಚೆಂದು ನಷ್ಟದ ಕಲಮನ್ನು ಬರೆಯದೆ ಬಿಡಲಾಗದು. ಸ್ವಾಮಿಯ ವೈರಾಗ್ಯ ಸತ್ಯ. ಅದರಿಂದ ರಾಜುಲಳ ಕಣ್ಣೀರು ಸುಳ್ಳಾಗುವುದಿಲ್ಲ. ಶ್ರಾವಿಕೆಯರ ಹಾಡು ಬರೆದಿಟ್ಟದ್ದು ಆ ಕಲಮನ್ನು.

ಸೂತ್ರವನ್ನು ಮತ್ತೆ ತೆರೆದೆ. ನಾನು ಉದ್ಧರಿಸಿದ್ದ ಸೂತ್ರದ ಕೆಲವೇ ಸೂತ್ರಗಳ ಮುಂದೆ, ಆರ್ತಧ್ಯಾನವು ಅವಿರತರಿಗೂ ದೇಶವಿರತರಿಗೂ ಪ್ರಮತ್ತಸಂಯತರಿಗೂ ಉಂಟಾಗುವುದೆಂದಿದೆ. ನಿದಾನವೊಂದನ್ನು ಬಿಟ್ಟು ಉಳಿದ ಮೂರು ಮುನಿಗಳಲ್ಲಿಯೂ ಆಗಾಗ ತಲೆದೋರಬಹುದೆಂದು ಪೂಜ್ಯಪಾದರು ವಿವರಿಸಿದ್ದಾರೆ. ಆರನೆಯ ಗುಣಸ್ಥಾನದ ಮುನಿಗೇ ತಪ್ಪದ ದುಃಖವನ್ನು ಹಸೆಮಣೆ ತಪ್ಪಿದ ಹೆಣ್ಣಿನಲ್ಲಿ ಕಂಡು ನಾನು ಗದರಿದ್ದೆ! ಸಭೆಯಲ್ಲಿ ಆ ಸೂತ್ರವನ್ನು ಹೇಳದೆ ಬಿಟ್ಟದ್ದು ಮರೆವೋ ಜಾಣತನವೋ, ನನಗೇ ಸ್ಪಷ್ಟವಿಲ್ಲ.

ಹಾಗೆಂದು ಏಕಪಕ್ಷದ ಪ್ರೇಮವೆಲ್ಲ ಪೂಜ್ಯವೆಂದು ನನ್ನ ಅಭಿಪ್ರಾಯವಲ್ಲ. ಜನ್ನನ 'ಅನಂತನಾಥ ಪುರಾಣ'ದ (1230) ಚಂಡಶಾಸನನೂ ಒಲಿಯದವಳನ್ನು ಒಲಿದವನೇ. ಗೆಳೆಯ ವಸುಷೇಣನ ಸತಿ ಸುನಂದೆಯನ್ನು ಹೊತ್ತೊಯ್ದು, ಒಪ್ಪದಿರಲು ಗಂಡನ ಕೃತಕ ಶಿರಸ್ಸನ್ನು ಮುಂದಿಟ್ಟನು. ಅವಳು ಪ್ರಾಣ ಬಿಟ್ಟಳು. ಅವನು ಅವಳ ಚಿತೆಯನ್ನೇ ಏರಿದನು. ಅವನ ಸಂಕಟವೂ ಸಾಮಾನ್ಯದ್ದಲ್ಲ. ಆದರೆ ತನ್ನ ಒಲವನ್ನು ಅವನು ಕೊಟ್ಟ ಸಾಲವೆಂದು ಬಗೆದು ವಸೂಲಿಗೆ ಹೊರಟನು. ಇಂದಿನ ಸಿನಿಮಾ ಹಾಡುಗಳಲ್ಲಿ, ಒಲ್ಲೆನೆಂದವಳನ್ನು ಬೆನ್ನಟ್ಟುವ ನಾಯಕರಲ್ಲಿ, ನನಗೆ ಕೇಳಿಸುವುದು ಅವನ ದನಿಯೇ. ರಾಜುಲ ತನಗೆ ಬರಬೇಕಾದದ್ದಿದೆ ಎಂದು ಗಿರನಾರವನ್ನು ಹತ್ತಿದವಳಲ್ಲ. ಅಲ್ಲಿ ಅವಳ ಹೆಸರಿನ ಗುಹೆಯೊಂದಿದೆ. ತಗ್ಗಿ ನುಸುಳಿ ಒಳಹೋಗಬೇಕು.

ಕಳೆದ ಆಷಾಢದಲ್ಲಿ ನಾನೇ ಸೂಚಿಸಿ ಹಾಡಿಗೆ ಅನುಮತಿ ಕೊಡಿಸಿದೆ. ಆ ಹುಡುಗಿಯೂ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ಗುಜರಾತಿ ಅವಳಿಗೆ ಬಾರದು. ಹಾಡು ಮುಗಿದ ಮೇಲೆ, ಎರಡನೆಯ ಪದ್ಯದ ಅರ್ಥವೇನೆಂದು ಪಕ್ಕದಾಕೆಯನ್ನು ಕೇಳುತ್ತಿದ್ದಳು.